ತೋಟಾ ತುಂಬುವ ಪ್ರೆಸ್ಸೂ ಅದನ್ನು ಹೊರುವ ಮೇಜೂ

ಅಮೆರಿಕದಲ್ಲಿ ನೆಲಸಿ, ಗುರಿಗಾರಿಕೆಯ ಹವ್ಯಾಸಕ್ಕೆ ಮನಸೋತ ನಮ್ಮವರಲ್ಲಿ ಹಲವರು, ಹಾರಿಸಿಯಾದ ತೋಟಾಗಳ ಹಿತ್ತಾಳೆಯ ಚಿಪ್ಪುಗಳನ್ನು ಬಿಸುಡದೆ ಮನೆಯಲ್ಲಿಯೇ ಮರಳಿ ತುಂಬಿಕೊಳ್ಳತೊಡಗಿರುವುದನ್ನು ಕಂಡು ಸಂತೋಷಪಟ್ಟಿದ್ದೇನೆ; ನೂರಾರು ಡಾಲರು ತೆತ್ತು ತಂದ ಪ್ರೆಸ್ಸನ್ನು ಅವರು ಅಲುಗಾಡುವ ಮೇಜಿಗೆ ಸಿಕ್ಕಿಸುವುದನ್ನು ಕಂಡು ಅಷ್ಟೇ ಖೇದಗೊಂಡಿದ್ದೇನೆ. ಊರಿನಲ್ಲಿರುವ ಓದುಗರು ಇದನ್ನು ಕುತೂಹಲಕ್ಕೆಂದು ಮಾತ್ರ ಓದತಕ್ಕದ್ದು: 1959ರ ಆಯುಧ ಕಾಯಿದೆಯ ಮೇರೆಗೆ ಭಾರತದಲ್ಲಿ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ.

ಪ್ರೆಸ್ಸುಗಳಲ್ಲಿ ಮೂರು ಜಾತಿ. ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್, ಹಲವು ಡೈಗಳನ್ನು (ಅಚ್ಚುಗಳನ್ನು) ತಿರುಗುವ ತಲೆಯಲ್ಲಿ ಧರಿಸಿದ ಟರೆಟ್, ಎಳೆತವೊಂದಕ್ಕೆ ತೋಟಾವೊಂದನ್ನು ಉದುರಿಸುವ ಪ್ರೋಗ್ರೆಸಿವ್. ನವಾಭ್ಯಾಸಿಗೆ ಮೊದಲನೆಯದೇ ಸಾಕೆಂಬುದು ನನ್ನ ದೃಢಮತ. ಏಕೆಂದರೆ ಏಕಕಾಲದಲ್ಲಿ ನಾಲ್ಕೈದು ಕ್ರಿಯೆಗಳ ಮೇಲೆ ಕಣ್ಣಿಡಲಾರದವನ ಚಿಪ್ಪಿಗೆ ಎರಡು ಬಾರಿ ಮದ್ದು ಬಿದ್ದರೆ ಕೋವಿಯೇ ಸಿಡಿದೀತು. ಚೌಕಟ್ಟು ಒಂದು ಪಕ್ಕ ತೆರೆದಿರದೆ ಉಂಗುರದಂತೆ ಮುಚ್ಚಿರಲಿ, ಅದು ಭಾರಕ್ಕೆ ಬಾಗುವುದು ಕಡಮೆ. ಡೈ ಕೂರುವ ರಂಧ್ರ ಅಂಗುಲದ 7/8ರಷ್ಟು ಅಗಲವಾಗಿ, ಅಂಗುಲಕ್ಕೆ 14 ತಿರುಪಿನ ಮರೆಗಳಿದ್ದರೆ ಬಹುತೇಕ ತಯಾರಕರ ಡೈಗಳು ಹೊಂದುತ್ತವೆ.

ಇನ್ನು ಮೇಜು. ಮೇಜು ಅಲುಗಿದರೆ ಗುಂಡು ಕೂರುವ ಆಳ ಕೆಡುತ್ತದೆಂದು ಕೆಲವರು ಹೇಳುವುದು ಅಷ್ಟು ಸರಿಯಲ್ಲ. ಒತ್ತಡವೆಲ್ಲ ಪ್ರೆಸ್ಸಿನ ಚೌಕಟ್ಟಿನೊಳಗೇ ಉಳಿಯುತ್ತದೆ. ಕೆಡುವುದು ಬೇರೆ: ಪ್ರೈಮರನ್ನು (ಮದ್ದಿಗೆ ಕಿಡಿ ಕೊಡುವ ಕೇಪನ್ನು) ಕೂರಿಸುವಾಗ ಅಂಗೈಗೆ ತಿಳಿಯಬೇಕಾದ ಸೂಕ್ಷ್ಮ ಪ್ರತಿರೋಧ ಮರೆಯಾಗುತ್ತದೆ, ಅದೇ ಮೇಜಿನ ಮೇಲಿನ ಮದ್ದಿನ ಅಳತೆಯ ಪಾತ್ರೆ ನಡುಗಿ ಒಳಗಣ ಮದ್ದು ಕುಸಿದು ಒಂದೊಂದು ಅಳತೆಯೂ ಒಂದೊಂದು ತೂಕವಾಗುತ್ತದೆ, ತಕ್ಕಡಿಯ ಮುಳ್ಳು ನಿಲ್ಲುವುದೇ ಇಲ್ಲ. ತರ್ಟಿ ಆಟ್ ಸಿಕ್ಸ್‌ನಂಥ ರೈಫಲ್ ಚಿಪ್ಪನ್ನು ಡೈಯೊಳಗೆ ನುಗ್ಗಿಸಲು ಹಿಡಿಯನ್ನು ಜಗ್ಗಿದಾಗ ಪ್ರೆಸ್ಸಿನ ಹಿಂಭಾಗವು ಮೇಲಕ್ಕೇಳಲು ಹವಣಿಸುತ್ತದೆ; ಮರಕ್ಕೆ ಹಾಕುವ ತಿರುಪುಗಳು ಅದನ್ನು ಎಷ್ಟು ದಿನ ತಡೆದಾವು? ನನ್ನ ಮೊದಲನೆಯ ಮೇಜಿನ ಪುಡಿಹಲಗೆ ಎರಡನೆಯ ವಾರದಲ್ಲೇ ಹರಿದು, ಪ್ರೆಸ್ಸು ನನ್ನ ಮಡಿಲಿಗೆ ಬಂದಿತು. ಆದ್ದರಿಂದ ಒಂದೂವರೆ ಅಂಗುಲಕ್ಕೆ ಕಡಮೆಯಿಲ್ಲದ ಗಟ್ಟಿ ಹಲಗೆಯನ್ನು ಆಯ್ದು, ಪ್ರೆಸ್ಸನ್ನು ಮೇಜಿನ ಕಾಲಿನ ಸಮೀಪದಲ್ಲಿ, ಅಂಚಿಗೆ ಸರಿಯಾಗಿ ಇರಿಸಿ, ಕೆಳಗಡೆ ಅಗಲವಾದ ವಾಷರುಗಳನ್ನಿಟ್ಟು, ಹಲಗೆಯನ್ನು ತೂರಿಬರುವ ಬೋಲ್ಟುಗಳಿಂದ ಬಿಗಿದು, ಮೇಜನ್ನೇ ಗೋಡೆಯೊಳಗಣ ಮರದ ಕಂಬಗಳಿಗೆ ಬಂಧಿಸಿರಿ. ರಂಧ್ರ ಕೊರೆಯುವ ಮುನ್ನವೇ ಹಿಡಿಯನ್ನು ಪೂರ್ತಿ ಕೆಳಗಿಳಿಸಿ, ಅದು ಮೇಜಿನ ಕಾಲಿಗಾಗಲಿ ಸೆಳೆಖಾನೆಗಾಗಲಿ ತಾಗದೆಂಬುದನ್ನು ನೋಡಿಕೊಳ್ಳಿರಿ.

ಡೈ ಕೂರಿಸುವ ಕ್ರಮ ಅದರೊಡನೆ ಬರುವ ಕೈಪಿಡಿಯಲ್ಲಿದೆ. ಕಣ್ಣಿಗೆ ಕನ್ನಡಕವಿರಲಿ, ಮೇಜಿನ ಮೇಲೆ ಒಂದು ಬಾರಿಗೆ ಒಂದೇ ಬಗೆಯ ಮದ್ದಿರಲಿ, ಸೀಸ ಕೈಗೆ ಅಂಟಿರುವುದರಿಂದ ಕೈ ತೊಳೆಯದೆ ಊಟಕ್ಕೆ ಕೂರದಿರಿ. ಸ್ಥಳ ತೀರುತ್ತಿದೆ, ಆದರೂ ಒಂದು ಮಾತು: ಮದ್ದಿನ ತೂಕವನ್ನು ತಯಾರಕರ ಮುದ್ರಿತ ಕೋಷ್ಟಕದಿಂದಲ್ಲದೆ ಯಾವ ಗೆಳೆಯನ ಬಾಯಿಂದಲೂ ತೆಗೆದುಕೊಳ್ಳಬೇಡಿರಿ, ನನ್ನಿಂದಲೂ.