ಸವಣೂರಿನಿಂದ ನಡುಗಡ್ಡೆಗೆ ಹೊರಟವರಿಗೆ

ನಡುಗಡ್ಡೆಯಲ್ಲಿ ರಜೆ ಕಳೆಯಲು ಅಂಡಮಾನಿಗೇ ಹೋಗಬೇಕೆಂದಿಲ್ಲ. ಹಾನಗಲ್, ಶಿರಸಿ ದಾಟಿ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಕಾರವಾರ ದೂರವಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸೊಗಸು. ಆದರೆ ಅಲ್ಲಿ ರಾತ್ರಿ ತಂಗುವಂತಿಲ್ಲ. ಕಾಡು, ಕಡಲು, ಒಳ್ಳೆಯ ಊಟ, ಅಚ್ಚುಕಟ್ಟಾದ ಕೋಣೆ ಎಲ್ಲ ಒಟ್ಟಿಗೆ ಬೇಕೆಂದರೆ ದೇವಬಾಗ ನೋಡಿ. ಕಾಳಿ ನದಿ ಸಮುದ್ರ ಸೇರುವ ಮರಳುದಂಡೆಯಲ್ಲಿ, ಗಾಳಿಮರಗಳ ನಡುವೆ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಇದೆ. ಕಾರವಾರದಿಂದ ದೋಣಿಯಲ್ಲಿ ಹೋಗುವುದೇ ಒಂದು ಸುಖ.

ರವೆ ಹಚ್ಚಿ ಕರಿದ ನೊಗ್ಲಿ ಮೀನು ಬಿಸಿಯಿರುವಾಗಲೇ ತಿನ್ನಿ. ಜೊತೆಗೆ ತೆಂಗಿನಹಾಲಿಗೆ ಮುರುಗಲು ಬೆರೆಸಿದ ತಿಳಿಗುಲಾಬಿ ಸೋಲ್ ಕಡಿ ಇರಲಿ. ಮೀನು ತಿನ್ನದವರಿಗೂ ಅದು ಹಿಡಿಸುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲೂ ಒರಟು. ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಲೇಸು. ಕೋಣೆಯನ್ನು ಮೊದಲೇ ಕಾದಿರಿಸಿ. ಊಟ, ದೋಣಿ ವಿಹಾರ ದರದಲ್ಲಿ ಸೇರಿವೆಯೇ ಎಂದು ಕೇಳಿಕೊಳ್ಳಿ. ಬುತ್ತಿಯಲ್ಲಿ ನಮ್ಮ ಸವಣೂರು ಖಾರ ಇದ್ದೇ ಇರಲಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. 2019ರ ಜನವರಿ 21ರಂದು ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಪಕ್ಕದ ಶಿಗ್ಗಾವಿ ತಾಲ್ಲೂಕಿನವರೂ ಇದ್ದರು, ಮಕ್ಕಳೂ ಇದ್ದರು. ದೋಣಿ ತುಂಬಿದ್ದರೆ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. ಜೀವರಕ್ಷಕ ಜಾಕೆಟ್ ಮೊದಲು ಮಕ್ಕಳಿಗೆ ತೊಡಿಸಿ, ಆಮೇಲೆ ನೀವೂ ತೊಡಿ.