ಗಾಡಿಯ ಕೀ ಕೊಡುವ ಮುನ್ನ

ಕಾಲೇಜಿಗೆ ಹೊರಟ ಮಗನಿಗೆ ‘ನಿಧಾನವಾಗಿ ಹೋಗಪ್ಪಾ’ ಎಂದು ದಿನವೂ ಹೇಳುತ್ತೇವೆ. ಯಾಕೆ ನಿಧಾನ ಎಂಬ ಲೆಕ್ಕವನ್ನು ಒಮ್ಮೆ ಕೂರಿಸಿಕೊಂಡು ಹೇಳಿ. ಗಂಟೆಗೆ 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದ ನಾಯಿಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಕುಡಿದವನಿಗೆ ಬ್ರೇಕ್ ನೆನಪಾಗುವುದೇ ತಡವಾಗಿ. ಜೊತೆಗೆ, ತಾನು ಚೆನ್ನಾಗಿಯೇ ಓಡಿಸುತ್ತಿದ್ದೇನೆ ಎಂಬ ಹುಂಬ ಧೈರ್ಯ ಬೇರೆ.

ಕಾಫಿ ಕುಡಿದರೆ, ತಲೆಗೆ ತಣ್ಣೀರು ಸುರಿದುಕೊಂಡರೆ ಅಮಲು ಇಳಿಯುವುದಿಲ್ಲ. ಲಿವರ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಅವಸರಪಡಿಸಲಾಗದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಅದನ್ನು ಮೀರಿ ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗೆಂದು ಮಿತಿಯೊಳಗೆ ಎಷ್ಟು ಕುಡಿಯಬಹುದು ಎಂದು ಲೆಕ್ಕ ಹಾಕುವುದು ಬೇಡ. ಓಡಿಸುವವನು ಕುಡಿಯಬಾರದು, ಅಷ್ಟೇ.

ಹದಿನೆಂಟು ತುಂಬದ ಮಗುವಿಗೆ ‘ಇಲ್ಲೇ ಅಂಗಡಿಗೆ’ ಎಂದು ಸ್ಕೂಟರ್ ಕೊಡುವವರು ಬಹಳ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಆ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಬೀಳಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮನೆಯೊಳಗಿನ ಒಂದು ಒಪ್ಪಂದ. ಪಾರ್ಟಿಯಲ್ಲಿ ಕುಡಿದ ಹುಡುಗ ಬೈಕ್ ಹತ್ತುವುದು ಎಷ್ಟೋ ಸಲ ಅಪ್ಪನ ಬೈಗುಳಕ್ಕೆ ಹೆದರಿ. ‘ನೀನು ಕುಡಿದಿರಲಿ, ಗಾಡಿ ಓಡಿಸುವ ಗೆಳೆಯ ಕುಡಿದಿರಲಿ, ಎಷ್ಟು ಹೊತ್ತಾದರೂ ಫೋನ್ ಮಾಡು. ನಾನೇ ಬರುತ್ತೇನೆ, ಇಲ್ಲವೇ ಆಟೊ ಹಿಡಿದು ಬಾ, ದುಡ್ಡು ನಾನು ಕೊಡುತ್ತೇನೆ. ಆ ರಾತ್ರಿ ಒಂದು ಮಾತೂ ಆಡುವುದಿಲ್ಲ’ ಎಂದು ಮೊದಲೇ ಹೇಳಿಡಿ. ಮಗಳಿಗೂ ಇದೇ ಮಾತು. ಫೋನ್ ಬಂದ ದಿನ ಕೊಟ್ಟ ಮಾತಿಗೆ ತಪ್ಪಬೇಡಿ, ವಿಚಾರಣೆ ಮರುದಿನಕ್ಕಿರಲಿ. ಒಮ್ಮೆ ತಪ್ಪಿದರೆ ಎರಡನೇ ಸಲ ಫೋನ್ ಬರುವುದಿಲ್ಲ.

ಮದುವೆ ಮನೆಯಲ್ಲಿ ‘ಒಂದೇ ಪೆಗ್ಗು’ ಹಾಕಿ ನೀವೇ ಕಾರು ಓಡಿಸಿಕೊಂಡು ಬರುವವರಾದರೆ, ಈ ಒಪ್ಪಂದಕ್ಕೆ ಬೆಲೆಯಿಲ್ಲ. ಅಂದು ನಿಮ್ಮ ಕೀಯನ್ನೂ ಕುಡಿಯದವರ ಕೈಗೆ ಕೊಡಿ.