ಹತ್ತಿರವೆಂದರೆ ಹತ್ತಲ್ಲ: ಮನೆ ಮೆಕ್ಯಾನಿಕ್ಕಿಗೆ ಹನ್ನೆರಡು ಸೂತ್ರಗಳು

ಕಾಲೇಜಿನ ದಿನಗಳಲ್ಲಿ ಒಂದು ಭಾನುವಾರ ದೊಡ್ಡಪ್ಪನ ಹಳೆಯ ಬೈಕಿನ ಬೋಲ್ಟು ಬಿಚ್ಚಲು ಕೂತಿದ್ದೆ. 13ರ ಸ್ಪ್ಯಾನರ್ ಒಳಗೆ ಹೋಗಲಿಲ್ಲ, 14 ಸಡಿಲ. ‘ಹತ್ತಿರ ಹತ್ತಿರ ಇದೆಯಲ್ಲ’ ಎಂದು 14ನ್ನೇ ಸಿಕ್ಕಿಸಿ ಬಲ ಹಾಕಿದೆ. ಬೋಲ್ಟು ಮಿಸುಕಲಿಲ್ಲ. ಅದರ ಆರು ಮೂಲೆಗಳು ಸವೆದು ಗೋಲಿಯಂತಾದವು, ಜೊತೆಗೆ ನನ್ನ ಬೆರಳಿನ ಗೆಣ್ಣೂ ಸುಲಿಯಿತು. ದೊಡ್ಡಪ್ಪ ಬಂದು ಬಗ್ಗಿ ನೋಡಿದರು. ‘ಅಯ್ಯೋ ಮಂಕೇ, ಇದು ಇಂಚಿನ ಗಾಡಿ ಕಣೋ’ ಎಂದರು.

ತೂಕ-ಅಳತೆಗೆ ಮೆಟ್ರಿಕ್ ಪದ್ಧತಿ ತರುವ ಕಾಯ್ದೆಯನ್ನು ನಮ್ಮ ದೇಶ ಮಾಡಿದ್ದು 1956ರಲ್ಲಿ. ಸೇರು ಹೋಗಿ ಕಿಲೋ ಬಂತು, ಮೈಲಿಗಲ್ಲಿನ ಮೇಲೆ ಕಿಲೋಮೀಟರ್ ಬಂತು. ಆದರೂ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಇವತ್ತಿಗೂ ‘ಅರ್ಧ ಇಂಚಿನ ಎಲ್ಬೋ ಕೊಡಿ’ ಎಂದೇ ಕೇಳುತ್ತೇವೆ. ಇಂಚು ಮನೆ ಬಿಟ್ಟು ಹೋಗಿಲ್ಲ, ಮೂಲೆಗಳಲ್ಲಿ ಅಡಗಿ ಕೂತಿದೆ. ಅದು ಎಲ್ಲೆಲ್ಲಿದೆ ಎಂದು ಬಲ್ಲವನ ಕೈಯಲ್ಲಿ ಬೋಲ್ಟು ಕೆಡುವುದಿಲ್ಲ.

1. ಪೆಟ್ಟಿಗೆ ನೋಡಿ ಕೊಳ್ಳಬೇಡಿ, ಗಾಡಿ ನೋಡಿ ಕೊಳ್ಳಿ

ನೂರೆಂಟು ಪೀಸಿನ ಸೆಟ್ಟು ಕಣ್ಣಿಗೆ ಹಬ್ಬ. ಅದರಲ್ಲಿ ಎಂಬತ್ತು ಪೀಸು ಪ್ಲಾಸ್ಟಿಕ್ ಗೂಡು ಬಿಟ್ಟು ಎದ್ದೇಳುವುದೇ ಇಲ್ಲ. ಮೊದಲು ನಿಮ್ಮ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಾವ ಬೋಲ್ಟಿಗೆ ಎಷ್ಟು ನಂಬರ್ ಎಂದು ಬರೆದುಕೊಳ್ಳಿ. ಜಪಾನ್ ಮೂಲದ ವಿನ್ಯಾಸದ ಸ್ಕೂಟರ್, ಬೈಕುಗಳಲ್ಲಿ 8, 10, 12, 14, 17 ಇದ್ದರೆ ಹೆಚ್ಚಿನ ಕೆಲಸ ಮುಗಿಯಿತು. ಯುರೋಪಿನ ರೂಢಿಯ ಗಾಡಿಗಳಲ್ಲಿ 13 ಮತ್ತು 16 ಬೇಕಾಗುತ್ತವೆ. ಬೋಲ್ಟಿನ ಕಾಂಡ ಒಂದೇ, ತಲೆ ಬೇರೆ. 8 ಮಿ.ಮೀ. ಬೋಲ್ಟಿಗೆ ಜಪಾನಿನವರು 12ರ ತಲೆ ಇಟ್ಟರೆ ಯುರೋಪಿನವರು 13ರದು ಇಟ್ಟರು.

2. ಮೊದಲು ರಿಂಗ್, ಆಮೇಲೆ ಓಪನ್

ಓಪನ್ ಸ್ಪ್ಯಾನರ್ ಬೋಲ್ಟನ್ನು ಹಿಡಿಯುವುದು ಎರಡೇ ಮಗ್ಗುಲಲ್ಲಿ. ರಿಂಗ್ ಸುತ್ತಲೂ ತಬ್ಬುತ್ತದೆ. ಬಿಗಿದ ಬೋಲ್ಟನ್ನು ರಿಂಗಿನಿಂದ ಸಡಿಲಿಸಿ, ಸಡಿಲವಾದದ್ದನ್ನು ಓಪನ್‌ನಿಂದ ಬೇಗ ಬಿಚ್ಚಿ. ಬಾಕ್ಸ್ ಕೊಳ್ಳುವಾಗ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ಮೇಲು. ತುಕ್ಕು ಹಿಡಿದ ಬೋಲ್ಟನ್ನು ಅದು ಕೈಬಿಡುವುದಿಲ್ಲ.

ಸ್ಕ್ರೂ ಸ್ಪ್ಯಾನರ್ ಎಲ್ಲ ಅಳತೆಗೂ ಆಗುತ್ತದೆ ಎಂಬುದು ಅರ್ಧ ಸತ್ಯ. ಅದು ಮನೆಗೆ ಬಂದ ನೆಂಟನ ಹಾಗೆ, ಬೇಕಾದಾಗ ಒದಗಲಿ, ದಿನದ ಸಂಸಾರ ಅದರ ಮೇಲೆ ಬೇಡ. ಬಳಸಲೇಬೇಕಾದರೆ ಬಲವೆಲ್ಲ ಅಲುಗದ ದವಡೆಯ ಮೇಲೆ ಬೀಳುವಂತೆ ಎಳೆಯಿರಿ.

3. 25.4 ಬಾಯಿಪಾಠ ಮಾಡಿ

ಒಂದು ಇಂಚು ಅಂದರೆ 25.4 ಮಿ.ಮೀ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳು 1959ರಲ್ಲಿ ಒಪ್ಪಿಕೊಂಡ ಲೆಕ್ಕ ಇದು. ಅರ್ಧ ಇಂಚು 12.7, ಕಾಲು ಇಂಚು 6.35, ಅರೆಕಾಲು ಇಂಚು 3.175. ಕಂಬಿ ಕೆಲಸದವರು, ಬಡಗಿಗಳು ‘ನೂಲು’ ಎಂದೋ ‘ಸೂತ್’ ಎಂದೋ ಹೇಳುವುದು ಈ ಅರೆಕಾಲು ಇಂಚನ್ನೇ. ‘ಮೂರು ಸೂತಿನ ಕಂಬಿ’ ಎಂದರೆ ಲೆಕ್ಕಕ್ಕೆ ಒಂಬತ್ತೂವರೆ, ಅಂಗಡಿಯಲ್ಲಿ ಸಿಗುವುದು 10 ಮಿ.ಮೀ. ಕಂಬಿಗೆ ಈ ಉದಾರತೆ ನಡೆಯುತ್ತದೆ. ಬೋಲ್ಟಿಗೆ ನಡೆಯುವುದಿಲ್ಲ.

4. ಯಾವ ಜೋಡಿ ಹೊಂದುತ್ತದೆ, ಯಾವುದು ಕೈಕೊಡುತ್ತದೆ ತಿಳಿದಿರಿ

ಇಂಚಿನ ಬೋಲ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಆಗುವುದೇ ಇಲ್ಲ ಎಂದಲ್ಲ. ಮುಕ್ಕಾಲು ಇಂಚು 19.05 ಮಿ.ಮೀ., ಅಂದರೆ 19ಕ್ಕೆ ಸಮಸಮ. 5/16 ಇಂಚು 7.94, ಅದಕ್ಕೆ 8 ಸಾಕು. 5/8 ಇಂಚು 15.88, ಅದಕ್ಕೆ 16 ಕೂರುತ್ತದೆ.

ಅರ್ಧ ಇಂಚಿಗೆ 13 ಹಾಕಿದರೆ 0.3 ಮಿ.ಮೀ. ಸಡಿಲ, ಹಗುರ ಕೆಲಸಕ್ಕಷ್ಟೇ ಸರಿ. 3/8 ಇಂಚು 9.53, ಅದಕ್ಕೆ 10 ಹಾಕಿದರೆ ಸುಮಾರು ಅರ್ಧ ಮಿಲಿಮೀಟರ್ ಸಡಿಲ, ಮೂಲೆ ಹೋಯಿತೆಂದೇ ತಿಳಿಯಿರಿ. 9/16 ಇಂಚಿಗೆ 14 ಹೋಗುವುದೇ ಇಲ್ಲ, 15 ತೂಗಾಡುತ್ತದೆ. ಈ ಪಟ್ಟಿಯನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಬಿಡಿ.

5. ಬೋಲ್ಟಿನ ತಲೆಬರಹ ಓದಿ

ತಲೆಯ ಮೇಲೆ 8.8 ಅಥವಾ 10.9 ಎಂದು ಅಂಕಿ ಇದ್ದರೆ ಅದು ಮಿಲಿಮೀಟರ್ ಬೋಲ್ಟು. ನಡುವಿನಿಂದ ಹೊರಟ ಗೆರೆಗಳಿದ್ದರೆ ಅಮೆರಿಕದ ರೂಢಿಯ ಇಂಚಿನ ಬೋಲ್ಟು. ಮೂರು ಗೆರೆ ಗ್ರೇಡ್ 5, ಆರು ಗೆರೆ ಗ್ರೇಡ್ 8. ಅಂಕಿ-ಗೆರೆಗಳು ಹೇಳುವುದು ಬೋಲ್ಟಿನ ತಾಕತ್ತನ್ನು. ಬ್ರೇಕ್ ಭಾಗದಿಂದ 8.8 ಬೋಲ್ಟು ಬಿಚ್ಚಿ, ಡಬ್ಬಿಯಲ್ಲಿ ಸಿಕ್ಕಿದ ಗುರುತಿಲ್ಲದ ಬೋಲ್ಟು ಹಾಕುವುದು ಉಳಿತಾಯವಲ್ಲ, ಜೂಜು.

6. ಹಳೆಯ ಗಾಡಿಯ ಕುಲಗೋತ್ರ ಕೇಳಿ

1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಎರಡೂ ಜೆಕ್ ವಿನ್ಯಾಸದವು. ಹಾಗಾಗಿ ಅವು ಮಿಲಿಮೀಟರ್ ಗಾಡಿಗಳು. 1955ರಲ್ಲಿ ಮದ್ರಾಸಿಗೆ ಬಂದ ಬುಲೆಟ್ ಇಂಗ್ಲೆಂಡಿನದು, ಅದರ ಜೊತೆ ಇಂಚೂ ಬಂತು. ಕಾಲ ಕಳೆದಂತೆ ಮಿಲಿಮೀಟರ್ ಬೋಲ್ಟುಗಳೂ ಸೇರಿಕೊಂಡವು. ಹಳೆಯ ಬುಲೆಟ್ಟಿನಲ್ಲಿ ಎಡಗಡೆ ಒಂದು ಪದ್ಧತಿ, ಬಲಗಡೆ ಇನ್ನೊಂದು ಸಿಕ್ಕರೆ ಬೆರಗಾಗಬೇಡಿ.

ಇಂಚಿನಲ್ಲೂ ಒಳಪಂಗಡಗಳಿವೆ. ಹಳೆಯ ಅಂಬಾಸಿಡರ್, ವಿಲ್ಲಿಸ್ ಮೂಲದ ಜೀಪುಗಳಿಗೆ ಬೇಕಾದ ಸ್ಪ್ಯಾನರಿನ ಮೇಲೆ ‘1/2’ ಎಂದಿದ್ದರೆ ಅದು ಬೋಲ್ಟಿನ ತಲೆಯ ಅಗಲ. ಆದರೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯ ಸ್ಪ್ಯಾನರಿನ ಮೇಲಿನ ಅಂಕಿ ತಲೆಯದಲ್ಲ, ಕಾಂಡದ್ದು! ‘1/4’ ಎಂದು ಕೊರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ 13.3 ಮಿ.ಮೀ. ಅವತ್ತು ನನ್ನ 13 ಹೋಗದೆ, 14 ಸಡಿಲವಾದದ್ದು ಇದಕ್ಕೇ. ದೊಡ್ಡಪ್ಪನ ಹತ್ತಿರ ಅರ್ಧ ಇಂಚಿನ ಸ್ಪ್ಯಾನರೂ ಇತ್ತು. ಅದೂ ಹೋಗುತ್ತಿರಲಿಲ್ಲ.

7. ನಲ್ಲಿಯ ಅರ್ಧ ಇಂಚನ್ನು ಟೇಪ್ ಹಿಡಿದು ಅಳೆಯಬೇಡಿ

‘ಅರ್ಧ ಇಂಚಿನ’ ನಲ್ಲಿಯ ಥ್ರೆಡ್ ಅಳೆದು ನೋಡಿ, ಹೊರಸುತ್ತಿನ ವ್ಯಾಸ ಸುಮಾರು 21 ಮಿ.ಮೀ., ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು. ಅರ್ಧ ಇಂಚು ಎನ್ನುವುದು ಪೈಪಿನ ಒಳಗಂಡಿಯಿಂದ ಬಂದ ಹಳೆಯ ಹೆಸರು. ಅದೇ ಪೈಪಿನ ಮೇಲೆ 15 ಎಂದೂ, ಮುಕ್ಕಾಲು ಇಂಚಿನದರ ಮೇಲೆ 20 ಎಂದೂ, ಒಂದು ಇಂಚಿನದರ ಮೇಲೆ 25 ಎಂದೂ ಇರುತ್ತದೆ. ಅಳೆದು ಹೇಳಿದರೆ ಅಂಗಡಿಯವನು ತಪ್ಪು ಸಾಮಾನು ಕೊಡುತ್ತಾನೆ. ಹಳೆಯ ತುಂಡನ್ನೇ ಜೇಬಿಗೆ ಹಾಕಿಕೊಂಡು ಹೋಗಿ.

8. ಹೊಸ ಗಾಡಿಯಲ್ಲೂ ಇಂಚು ಹುಡುಕಿ

ಸ್ಕೂಟರ್ ಟೈರಿನ ಮೇಲಿನ 90/100-10 ಓದಿ. 90 ಎಂದರೆ ಅಗಲ, ಮಿಲಿಮೀಟರಿನಲ್ಲಿ. 100 ಎಂದರೆ ಅಗಲಕ್ಕೆ ನೂರಕ್ಕೆ ನೂರರಷ್ಟು ಎತ್ತರ. 10 ಎಂದರೆ ರಿಮ್ಮು, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಎರಡು ಪದ್ಧತಿ!

ಬೈಕಿನ 428 ಚೈನು? ಮೊದಲ 4 ಎಂದರೆ ಎಂಟರಲ್ಲಿ ನಾಲ್ಕು ಭಾಗ, ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಸೈಕಲ್ ಚೈನಿಗೂ ಅದೇ ಅರ್ಧ ಇಂಚು. ಸೈಕಲ್ ಪೆಡಲಿನ ಥ್ರೆಡ್ ಸಾಮಾನ್ಯವಾಗಿ 9/16 ಇಂಚು, ಅದನ್ನು ಬಿಚ್ಚುವ ಸ್ಪ್ಯಾನರ್ ಮಾತ್ರ 15 ಮಿ.ಮೀ. (ಎಡ ಪೆಡಲ್ ಉಲ್ಟಾ ತಿರುಗುತ್ತದೆ, ಮರೆಯಬೇಡಿ.) ಅಪ್ಪಟ ಮಿಲಿಮೀಟರ್ ಬಾಕ್ಸ್ ಸೆಟ್ಟಿನಲ್ಲೂ ರ‍್ಯಾಚೆಟ್ ಕೂರುವ ಚೌಕ ತೂತು 1/4, 3/8 ಅಥವಾ 1/2 ಇಂಚಿನದೇ. ಮನೆ ಕೆಲಸಕ್ಕೆ ಒಂದೇ ಕೊಳ್ಳುವುದಾದರೆ 3/8 ಸಾಕು.

9. ಅಲೆನ್ ಕೀ ಮತ್ತು ಸ್ಟಾರ್ ಸ್ಕ್ರೂ ವಿಷಯದಲ್ಲಿ ಜಿಪುಣತನ ಬೇಡ

ಹೊರಗಿನ ಮೂಲೆ ಸವೆದರೆ ಪೈಪ್ ರೆಂಚಿನಿಂದಾದರೂ ಹಿಡಿಯಬಹುದು. ಒಳಗಿನದು ಸವೆದರೆ ಡ್ರಿಲ್ ಹೊಡೆಯುವುದೇ ಗತಿ. 5 ಮಿ.ಮೀ. ತೂತಿಗೆ 3/16 ಇಂಚಿನ ಕೀ ಸಲೀಸಾಗಿ ಇಳಿಯುತ್ತದೆ, ಕಾಲು ಮಿಲಿಮೀಟರ್ ಸಡಿಲವಾಗಿ. ಇಳಿಯಿತು ಎಂದರೆ ಹೊಂದಿತು ಎಂದಲ್ಲ.

ಜಪಾನಿ ಗಾಡಿಯ ಸ್ಟಾರ್ ಸ್ಕ್ರೂ ತಲೆಯ ಮೇಲೆ ಪುಟ್ಟ ಚುಕ್ಕಿ ಕಂಡರೆ ಅದು ಅವರದೇ ರೂಢಿಯ ಸ್ಕ್ರೂ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಿಂದ ಮೇಲೆದ್ದು ಜಾರಿ ತಲೆ ಕೆಡಿಸುತ್ತದೆ. ತಕ್ಕ ತುದಿ ತಂದುಕೊಳ್ಳಿ.

10. ವರ್ನಿಯರ್ ಕ್ಯಾಲಿಪರ್ ಮೊದಲ ತಿಂಗಳೇ ಕೊಳ್ಳಿ

ಸಂಶಯವಿದ್ದ ಕಡೆ ಅಳತೆಯೇ ಸಾಕ್ಷಿ. ಜೊತೆಗೊಂದು ಪಿಚ್ ಗೇಜ್ ಇರಲಿ. 5/16 ಇಂಚಿನ ಬೋಲ್ಟು 8 ಮಿ.ಮೀ. ನಟ್ಟಿನೊಳಗೆ ಮೊದಲ ಸುತ್ತುಗಳಲ್ಲಿ ಒಳ್ಳೆಯವನಂತೆ ಹೋಗಿ ಆಮೇಲೆ ಹಟ ಹಿಡಿಯುತ್ತದೆ, ಏಕೆಂದರೆ ಥ್ರೆಡ್ಡಿನ ಅಂತರ ಬೇರೆ. ಆದ್ದರಿಂದ ಯಾವ ಬೋಲ್ಟನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಗ್ಗದ್ದಕ್ಕೆ ಸ್ಪ್ಯಾನರ್ ಹಾಕಬೇಡಿ.

ಡಿಜಿಟಲ್ ಕ್ಯಾಲಿಪರಿನಲ್ಲಿ ಮಿ.ಮೀ. ಮತ್ತು ಇಂಚು ಬದಲಿಸುವ ಗುಂಡಿ ಇರುತ್ತದೆ. ಓದುವ ಮೊದಲು ಅದು ಎಲ್ಲಿದೆ ನೋಡಿ.

11. ಬಿಗಿತಕ್ಕೂ ಗಾಳಿಗೂ ಭಾಷೆ ಇದೆ

ಟಾರ್ಕ್ ರೆಂಚಿನ ಮೇಲೆ ನ್ಯೂಟನ್ ಮೀಟರ್, ಫುಟ್ ಪೌಂಡ್ ಎರಡೂ ಗೆರೆಗಳಿರುತ್ತವೆ. ಒಂದು ಫುಟ್ ಪೌಂಡ್ ಎಂದರೆ 1.36 ನ್ಯೂಟನ್ ಮೀಟರ್. ಪುಸ್ತಕದಲ್ಲಿ 10 ನ್ಯೂಟನ್ ಮೀಟರ್ ಎಂದಿರುವಾಗ ನೀವು ಪಕ್ಕದ ಸಾಲಿನ 10ಕ್ಕೆ ಬಿಗಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಗಿತ. ಅಲ್ಯೂಮಿನಿಯಂ ಇಂಜಿನ್ನಿನ ಸಣ್ಣ ಥ್ರೆಡ್ ಅಷ್ಟಕ್ಕೇ ಕಿತ್ತುಬರಬಹುದು. ಟೈರಿಗೆ ಪಿ.ಎಸ್.ಐ. ಲೆಕ್ಕ ಗೊತ್ತಿದ್ದು ಪಂಪು ಬಾರ್ ತೋರಿಸಿದರೆ, 2 ಬಾರ್ ಎಂದರೆ 29 ಪಿ.ಎಸ್.ಐ. ಎಂದು ನೆನಪಿಡಿ.

12. ಅಮೆರಿಕದಿಂದ ತರಿಸುವ ಮುನ್ನ ಎರಡು ಸಲ ಯೋಚಿಸಿ

ಅಲ್ಲಿರುವ ಮಗನೋ ತಮ್ಮನೋ ‘ಸೇಲ್‌ನಲ್ಲಿ ಚೆನ್ನಾಗಿರೋ ಸೆಟ್ಟಿದೆ, ತರಲಾ?’ ಎಂದು ಕೇಳಿದರೆ, ‘ಮೆಟ್ರಿಕ್ಕೇ ತಾರಪ್ಪ’ ಎಂದು ಒತ್ತಿ ಹೇಳಿ. ಬರೀ ಇಂಚಿನ ಸೆಟ್ಟು ಬಂದರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳಲಷ್ಟೇ ಲಾಯಕ್ಕು. ಅಲ್ಲಿನ ಅಂದದ ನಲ್ಲಿಯನ್ನಂತೂ ತರಿಸಲೇಬೇಡಿ. ಅದರ ಅರ್ಧ ಇಂಚಿನ ಥ್ರೆಡ್ಡಿಗೂ ನಮ್ಮದಕ್ಕೂ ಇಂಚಿಗೆ ಹದಿನಾಲ್ಕು ಸುತ್ತು ಸಮವೇ. ಆದರೆ ನಮ್ಮದರ ಹಲ್ಲಿನ ಕೋನ 55 ಡಿಗ್ರಿ, ಅಲ್ಲಿಯದು 60. ಕೂರಿಸಿದಾಗ ಕೂತಂತೆ ಕಾಣುತ್ತದೆ, ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ರಾತ್ರಿ ತೊಟ್ಟಿಕ್ಕುತ್ತದೆ.

ಎರಡೂ ಪದ್ಧತಿಯ ಸ್ಪ್ಯಾನರ್ ಇಟ್ಟುಕೊಂಡವರು ಇಂಚಿನವಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದು ಬೇರೆ ಚೀಲದಲ್ಲಿಡಿ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುವ ಚಪಲ ತಪ್ಪುತ್ತದೆ.

ಅಂದಿನ ಬೋಲ್ಟನ್ನು ಕೊನೆಗೆ ಅರದಿಂದ ಉಜ್ಜಿ, ಹೊಸದಾಗಿ ಮಗ್ಗುಲು ತೆಗೆದು ಬಿಚ್ಚಬೇಕಾಯಿತು. ಎರಡು ನಿಮಿಷದ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಒಂದು ನಂಬರ್ ಹೋಗದೆ, ಮುಂದಿನದು ಸಡಿಲವಾದರೆ ಆ ಬೋಲ್ಟು ‘ನಾನು ನಿಮ್ಮ ಕಡೆಯವನಲ್ಲ’ ಎಂದು ಹೇಳುತ್ತಿದೆ. ಅಲ್ಲೇ ಕೈ ನಿಲ್ಲಿಸಿ, ಎದ್ದು ಹೋಗಿ ಕ್ಯಾಲಿಪರ್ ತನ್ನಿ.